‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂದರೆ ‘ಹಳಸಿದ ಹಿಡಿಕೆ’ಯೇ?

ಎಲ್ಲರಿಗೂ ನಮಸ್ಕಾರ.

ಲ್ಯಾಬ್‌ಗಳ ಲಿನಕ್ಸ್ ಯಂತ್ರಗಳಿಗೆಂದು ಎನ್‌ಎಫ್‌ಎಸ್ (ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ತೊಂದರೆಗಳ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಸ್ಟೇಲ್ ಫೈಲ್ ಹ್ಯಾಂಡಲ್’ಗೆ ‘ಹಳಸಿದ ಕಡತ ಹಿಡಿಕೆ’ ಎಂದಿದೆ. ಮೌಂಟ್ ಎಂದರೆ ಆ ಫೋಲ್ಡರನ್ನು ನಮ್ಮ ಯಂತ್ರಕ್ಕೆ ಜೋಡಿಸುವುದು; ಹಾರ್ಡ್ ಮೌಂಟ್, ಸಾಫ್ಟ್ ಮೌಂಟ್‌ಗಳಿಗೆ ‘ಗಟ್ಟಿ’, ‘ಮೃದು’. ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂಬುದು ‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ’ ಎಂದಾಗಿದೆ. ಆಟೋಮೌಂಟ್‌ಗೆ ‘ಸ್ವಯಂಚಾಲಿತ ಆರೋಹಣ’. ಇವು ಸರಿಯೇ? ಓದಿದವರಿಗೆ ಮುಂದೇನು ಮಾಡಬೇಕೆಂದು ಹೊಳೆಯಬೇಕು ಅನ್ನುವುದೊಂದೇ ಬೇಡಿಕೆ.

ಉತ್ತರ:

ನಾಲ್ಕೂ ಬದಲಾಗಬೇಕು ಸರ್. ಹಳಸುವುದು ಅನ್ನ, ಸಾರು. ಹೊತ್ತು ಕಳೆದದ್ದಕ್ಕೆ ಆಗುವ ಕೇಡು ಅದು. ಇಲ್ಲಿ ಹೊತ್ತಿನ ಮಾತೇ ಇಲ್ಲ. ಹ್ಯಾಂಡಲ್ ಎಂದರೆ ಕಡತಕ್ಕೆ ಸರ್ವರ್ ಕೊಡುವ ಗುರುತಿನ ಸಂಖ್ಯೆ. ಸರ್ವರ್‌ನಲ್ಲಿ ಯಾರೋ ಫೋಲ್ಡರ್ ಅಳಿಸಿ ಅದೇ ಹೆಸರಿನಲ್ಲಿ ಇನ್ನೊಂದು ಮಾಡಿದರೆ ಹೆಸರು ಅದೇ, ಸಂಖ್ಯೆ ಬೇರೆ. ಪೋಡಿ ಆದ ಮೇಲೆ ಹಳೆಯ ಹಿಸ್ಸಾ ನಂಬರು ಹಿಡಿದುಕೊಂಡು ಹೋದರೆ ಚಾಲ್ತಿ ಪಹಣಿ ಸಿಗುವುದಿಲ್ಲವಲ್ಲ, ಹಾಗೆ. ನಮ್ಮ ಕಚೇರಿಗಳು ಇದಕ್ಕೆ ಬಳಸುವ ಮಾತು ‘ಅಸಿಂಧು’. ‘ಕಡತದ ಗುರುತು ಅಸಿಂಧುವಾಗಿದೆ’ ಎಂದರೆ ಹೊಸ ಗುರುತು ಪಡೆಯಬೇಕೆಂದು ತಾನೇ ತಿಳಿಯುತ್ತದೆ. ಪರಿಹಾರವೂ ಅದೇ: ಮೊದಲು ಫೋಲ್ಡರಿನಿಂದ ಹೊರಬಂದು ಮತ್ತೆ ಒಳಹೋಗಿ ನೋಡುವುದು, ಆಗದಿದ್ದರೆ ‘ಯುಮೌಂಟ್ ಮೈನಸ್ ಎಲ್’ ಕೊಟ್ಟು ಮತ್ತೆ ಮೌಂಟ್ ಮಾಡುವುದು. ಸರ್ವರ್‌ನಲ್ಲಿ ಡಿಸ್ಕ್‌ನ ಸಾಧನ ಸಂಖ್ಯೆ ಬದಲಾದಾಗೆಲ್ಲ ಇದು ಮರುಕಳಿಸುತ್ತಿದ್ದರೆ, ಯಾವ ಫೋಲ್ಡರ್ ಹಂಚಬೇಕೆಂದು ಸರ್ವರ್‌ಗೆ ಹೇಳುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಎಫ್‌ಎಸ್‌ಐಡಿ’ಗೆ (ಫೈಲ್ ಸಿಸ್ಟಮ್‌ನ ಗುರುತು) ಸ್ಥಿರ ಸಂಖ್ಯೆ ಕೊಟ್ಟು ‘ಎಕ್ಸ್‌ಪೋರ್ಟ್‌ಎಫ್‌ಎಸ್ ಮೈನಸ್ ಆರ್‌ಎ’ ಓಡಿಸಬೇಕು.

‘ಸ್ಟಿಲ್ ಟ್ರೈಯಿಂಗ್’ ಅನುವಾದ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಕರ್ತೃ ಬಿಟ್ಟರೆ ಹಿಂದಿನ ಕರ್ತೃವೇ ಮುಂದುವರಿಯುತ್ತದೆ, ಹಾಗಾಗಿ ಪ್ರಯತ್ನಿಸುತ್ತಿರುವುದು ಸರ್ವರ್ ಎಂದು ಓದುಗರು ತಿಳಿಯುತ್ತಾರೆ. ನಿಜಕ್ಕೂ ಪ್ರಯತ್ನ ನಮ್ಮ ಯಂತ್ರದ ಕರ್ನೆಲ್‌ನದು, ಅಂದರೆ ಲಿನಕ್ಸ್‌ನ ತಿರುಳಿನದು. ‘ಸರ್ವರ್‌ನಿಂದ ಉತ್ತರವಿಲ್ಲ, ಈ ಯಂತ್ರ ಮತ್ತೆ ಮತ್ತೆ ಕೇಳುತ್ತಿದೆ’ ಎನ್ನಿ.

ಇವೆರಡನ್ನೂ ಜನ ‘ಹ್ಯಾಂಗ್ ಆಯ್ತು’ ಅನ್ನುತ್ತಾರೆ, ಆದರೆ ಲಕ್ಷಣ ಬೇರೆ. ಗುರುತು ಅಸಿಂಧುವಾದಾಗ ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ತಕ್ಷಣ ದೋಷ ಹೇಳಿ ಮುಗಿಯುತ್ತದೆ. ಸರ್ವರ್ ಸಿಗದಿದ್ದಾಗ ಆಜ್ಞೆ ಮರಳುವುದೇ ಇಲ್ಲ. ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ‘ಪಿಎಸ್’ನಲ್ಲಿ ಅದು ‘ಡಿ’ (ಎಬ್ಬಿಸಲಾಗದಂತೆ ಕಾಯುತ್ತಿರುವ) ಸ್ಥಿತಿಯಲ್ಲಿ ಕಾಣುತ್ತದೆ. ಆಗ ಡಿಸ್ಕ್ ಜಾಗ ತೋರಿಸುವ ‘ಡಿಎಫ್’ ಕೊಡಬಾರದು, ಅದೂ ಸಿಕ್ಕಿಕೊಳ್ಳುತ್ತದೆ. ‘ಪ್ರೋಕ್’ ಒಳಗಿನ ‘ಮೌಂಟ್ಸ್’ ಕಡತ ಓದಿದರೆ ಅಪಾಯವಿಲ್ಲ. ಕಂಟ್ರೋಲ್ ಸಿ ಕೂಡ ಕೇಳಿಸುವುದಿಲ್ಲ, 2.6.25ರ ನಂತರದ ಕರ್ನೆಲ್‌ಗಳಲ್ಲಿ ‘ಕಿಲ್ ಮೈನಸ್ 9’ ಒಂದಕ್ಕೇ ಅದು ಬಗ್ಗುವುದು.

ಇಲ್ಲೇ ಹಾರ್ಡ್, ಸಾಫ್ಟ್ ಬರುತ್ತವೆ. ಮೃದು ಎಂದರೆ ಒಳ್ಳೆಯದೆಂಬ ಭಾವನೆ ಹುಟ್ಟಿ ಜನ ಅದನ್ನೇ ಹಾಕುತ್ತಾರೆ. ಆದರೆ ಹಾರ್ಡ್ ಮೌಂಟ್ ಉತ್ತರ ಸಿಗುವವರೆಗೂ ಕೇಳುತ್ತಲೇ ಇರುತ್ತದೆ, ಸಾಫ್ಟ್ ಮೌಂಟ್ ನಿಗದಿತ ಸಲ ಕೇಳಿ ದೋಷ ಹೇಳಿ ಕೈಚೆಲ್ಲುತ್ತದೆ. ಪ್ರೋಗ್ರಾಂ ಆ ದೋಷವನ್ನು ಗಮನಿಸದಿದ್ದರೆ ಬರೆಯುತ್ತಿದ್ದ ಕಡತ ಸದ್ದಿಲ್ಲದೆ ಕೆಡುತ್ತದೆ. ‘ಪಟ್ಟುಬಿಡದ ಮೌಂಟ್’, ‘ಕೈಬಿಡುವ ಮೌಂಟ್’ ಎಂದರೆ ಆ ಎಚ್ಚರ ಪದದಲ್ಲೇ ಇರುತ್ತದೆ. ಉತ್ತರಕ್ಕೆ ಎಷ್ಟು ಹೊತ್ತು ಕಾದು ಮತ್ತೆ ಕೇಳಬೇಕೆಂದು ಹೇಳುವ ‘ಟೈಮಿಯೊ’, ಟಿಸಿಪಿ ಸಂಪರ್ಕದಲ್ಲಿ ತಾನಾಗಿ 600. ಅದು ಸೆಕೆಂಡಿನ ಹತ್ತನೇ ಒಂದರ ಲೆಕ್ಕ, ಅಂದರೆ 60 ಸೆಕೆಂಡು. 600 ಸೆಕೆಂಡು ಎಂದು ಬರೆದುಬಿಟ್ಟೀರಿ, ಜೋಕೆ.

ಆಟೋಮೌಂಟ್ ಅತಿ ಮುಖ್ಯ. ‘ಸ್ವಯಂಚಾಲಿತ’ ಅಂದರೆ ಯಂತ್ರ ಆನ್ ಆದಾಗ ತಾನೇ ಮೌಂಟ್ ಆಗುತ್ತದೆ ಅನ್ನಿಸುತ್ತದೆ. ಆಗುವುದು ಅದಕ್ಕೆ ಉಲ್ಟಾ: ಮೌಂಟ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಇದ್ದರೆ ಬೂಟ್ ಸಮಯದಲ್ಲಿ ಮೌಂಟ್ ಮಾಡದೆ, ಯಾರಾದರೂ ಆ ಫೋಲ್ಡರನ್ನು ಮೊದಲ ಸಲ ಮುಟ್ಟಿದಾಗ ಮಾಡುತ್ತದೆ. ವೈಫೈ ತಡವಾಗಿ ಸಿಗುವ ಲ್ಯಾಪ್‌ಟಾಪ್‌ನಲ್ಲಿ ಬೂಟ್ ಪರದೆಯ ಮೇಲೆ ‘ಸ್ಟಾರ್ಟ್ ಜಾಬ್’ ಎಂದು ಒಂದೂವರೆ ನಿಮಿಷ ಎಣಿಸುತ್ತ ಕೂರುವುದು ಇದರಿಂದ ತಪ್ಪುತ್ತದೆ. ‘ಮುಟ್ಟಿದಾಗ ಮೌಂಟ್’ ಎನ್ನಿ. ಜೊತೆಗೆ ‘ನೋಫೇಲ್’ ಇರಲಿ. ಅದಕ್ಕೆ ‘ಸಿಗದಿದ್ದರೂ ಮುಂದುವರಿ’ ಸಾಕು.

‘ಆರೋಹಣ’ವನ್ನು ಬಿಟ್ಟು ‘ಮೌಂಟ್’ ಎಂದೇ ಇಡಿ. ಟೈಪ್ ಮಾಡಬೇಕಾದ ಆಜ್ಞೆಯೂ ಅದೇ ತಾನೆ.