ಟ್ರೇಲರ್ ಕಟ್ಟಿದಾಗ ಮಾತ್ರ ಕಾಯುವ ಡೀಸೆಲ್ ಎಂಜಿನ್: ಹೆಡ್ ಬಿಚ್ಚುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ (ಪೀಣ್ಯದಿಂದ)

ಎಲ್ಲರಿಗೂ ನಮಸ್ಕಾರ. ಮದುವೆ, ಜಾತ್ರೆಗಳಿಗೆ ಜನರೇಟರ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಎರಡು ಚಕ್ರದ ಟ್ರೇಲರ್ ಮೇಲೆ ಕೂರಿಸಿದ, ಒಟ್ಟು 1,400 ಕಿಲೋ ತೂಗುವ ಜನರೇಟರನ್ನು 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್‌ಗೆ ಕಟ್ಟಿಕೊಂಡು ಹೋಗುತ್ತೇನೆ. ಗಾಡಿ 1.8 ಲಕ್ಷ ಕಿ.ಮೀ. ಓಡಿದೆ.

ಕಳೆದ ಎರಡು ತಿಂಗಳಿಂದ, ಕೃಷ್ಣಗಿರಿಯಿಂದ ಹೊಸೂರಿನ ಕಡೆಗೆ ಏರುತ್ತಾ ವಾಪಸು ಬರುವಾಗ, ಶೂಲಗಿರಿಯ ಆಸುಪಾಸಿನಲ್ಲಿ ಟೆಂಪರೇಚರ್ ಮುಳ್ಳು ಹತ್ತೇ ನಿಮಿಷದಲ್ಲಿ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ಐದು ನಿಮಿಷ ಬಿಟ್ಟರೆ ಮತ್ತೆ ನಡುವಿಗೆ ಇಳಿಯುತ್ತದೆ. ಟ್ರೇಲರ್ ಇಲ್ಲದೆ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೂ ಮುಳ್ಳು ಅಲುಗುವುದಿಲ್ಲ. ಥರ್ಮೋಸ್ಟಾಟ್ ಬದಲಿಸಿದ್ದೇನೆ, ಹೊಸ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಹಾಕಿಸಿದ್ದೇನೆ, ಪ್ರಯೋಜನವಾಗಲಿಲ್ಲ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ತಳ ಸಮತಟ್ಟು ಮಾಡಿಸಬೇಕು ಎನ್ನುತ್ತಾರೆ. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 1 (ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು)

ದಯವಿಟ್ಟು ಈಗಲೇ ಹೆಡ್ ಇಳಿಸಬೇಡಿ. ನಿಮ್ಮ ವಿವರಣೆಯಲ್ಲೇ ಒಂದು ಸುಳಿವಿದೆ. ದಟ್ಟಣೆಯಲ್ಲಿ ನಿಂತ ಡೀಸೆಲ್ ಎಂಜಿನ್ ಸುಡುವ ಇಂಧನ ಬಹಳ ಕಡಿಮೆ, ಹುಟ್ಟುವ ಕಾವೂ ಕಡಿಮೆ. ಆದ್ದರಿಂದ ಸಿಲ್ಕ್ ಬೋರ್ಡ್‌ನಲ್ಲಿ ಮುಳ್ಳು ಏರದಿದ್ದರೆ ರೇಡಿಯೇಟರ್ ಮತ್ತು ಫ್ಯಾನ್ ಸರಿಯಾಗಿವೆ ಎಂದು ಅರ್ಥವಲ್ಲ. ಅವುಗಳಿಗೆ ಅಲ್ಲಿ ಪರೀಕ್ಷೆಯೇ ಆಗಿಲ್ಲ. ಏರಿನ ಲೆಕ್ಕ ನೋಡಿ. ಪಿಕಪ್ಪೂ ಟ್ರೇಲರೂ ಸೇರಿ 3.5 ಟನ್ ಎಂದುಕೊಂಡರೆ, ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗಕ್ಕೆ ಬರೀ ಏರನ್ನು ಹತ್ತಲು ಸುಮಾರು 23 ಕಿಲೋವ್ಯಾಟ್ ಬೇಕು. ಅದರ ಅರ್ಧಕ್ಕೂ ಹೆಚ್ಚಿನಷ್ಟು ಶಾಖ ಕೂಲೆಂಟಿಗೆ ಸೇರುತ್ತದೆ, ಅದನ್ನೆಲ್ಲ ರೇಡಿಯೇಟರ್ ಗಾಳಿಗೆ ದಾಟಿಸಬೇಕು. ಕೂಲಿಂಗ್ ವ್ಯವಸ್ಥೆಯಲ್ಲಿ ಕಾಲುಭಾಗ ಶಕ್ತಿ ಕುಂದಿದ್ದರೂ ಖಾಲಿ ಗಾಡಿಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಭಾರ ಕಟ್ಟಿದ ದಿನ ಗೊತ್ತಾಗುತ್ತದೆ.

ಗ್ಯಾಸ್ಕೆಟ್ ಅನುಮಾನವನ್ನು ಮೊದಲು ಅಗ್ಗದಲ್ಲೇ ಬಗೆಹರಿಸಿಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಹಿಸುಕಿ ನೋಡಿ. ತಣ್ಣಗಿದ್ದೂ ಬಿಗಿಯಾಗಿದ್ದರೆ ಉರಿದ ಅನಿಲ ನೀರಿಗೆ ನುಗ್ಗಿರುವ ಸಾಧ್ಯತೆ ಇದೆ. ಮೆತ್ತಗಿದ್ದರೆ ಒಳ್ಳೆಯ ಸೂಚನೆ. ಕೂಲೆಂಟಿನಲ್ಲಿ ಉರಿದ ಅನಿಲವಿದ್ದರೆ ಬಣ್ಣ ಬದಲಾಗುವ ದ್ರವದ ಪರೀಕ್ಷೆಯನ್ನೂ ಮಾಡಿಸಿ, ಆದರೆ ಭಾರ ಎಳೆದು ಬಂದ ಮೇಲೆ ಮಾಡಿಸಿ, ಏಕೆಂದರೆ ಸಣ್ಣ ಸೋರಿಕೆ ಕೆಲವೊಮ್ಮೆ ಭಾರದಲ್ಲಿ ಮಾತ್ರ ಬಾಯಿ ಬಿಡುತ್ತದೆ.

ಆಮೇಲೆ ರೇಡಿಯೇಟರಿನ ಹಿಂದಿರುವ ವಿಸ್ಕಸ್ ಫ್ಯಾನ್ ನೋಡಿ. ಅದರ ನಡುವಿನ ಕ್ಲಚ್ಚಿನಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ; ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದಾಗ ಮುಂದಿನ ಲೋಹದ ಸುರುಳಿ ತಿರುಗಿ, ಎಣ್ಣೆಯನ್ನು ಒಳಗೆ ಬಿಟ್ಟು ಫ್ಯಾನನ್ನು ಬಿಗಿಹಿಡಿಸುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಆರಿಸಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ. ಜೇನಿನಲ್ಲಿ ಚಮಚ ತಿರುಗಿಸಿದಂತೆ ತಡೆ ಇರಬೇಕು. ಬಿಟ್ಟ ಮೇಲೂ ಸರಾಗವಾಗಿ ಸುತ್ತಿದರೆ, ಅಥವಾ ಕ್ಲಚ್ಚಿನ ಮುಖದಲ್ಲಿ ಎಣ್ಣೆಯ ಜಿಡ್ಡು ಕಂಡರೆ, ಕ್ಲಚ್ ಸತ್ತಿದೆ. ಓಡುತ್ತಿರುವ ಫ್ಯಾನಿಗೆ ಕಾಗದ ಹಿಡಿದು ನೋಡುವ ಪದ್ಧತಿಯನ್ನು ಮಾತ್ರ ಯಾರು ಹೇಳಿದರೂ ಅನುಸರಿಸಬೇಡಿ, ನಮ್ಮ ಡಿಪೋದಲ್ಲೇ ಒಬ್ಬರ ಬೆರಳು ಹೋಗಿತ್ತು.

ಉತ್ತರ 2 (ಜೆ.ಸಿ. ರಸ್ತೆಯಲ್ಲಿ ರೇಡಿಯೇಟರ್ ಕೆಲಸ ಮಾಡುವವನು)

ಮೇಲಿನವರ ಮಾತಿಗೆ ನನ್ನದೂ ಒಂದಿಷ್ಟು. ನಮ್ಮ ಬಳಿ ಬರುವ ಇಂಥ ಗಾಡಿಗಳಲ್ಲಿ ತೊಂದರೆ ರೇಡಿಯೇಟರಿನ ಒಳಗಿಗಿಂತ ಹೊರಗೇ ಹೆಚ್ಚು. ಮುಂದಿನಿಂದ ಟಾರ್ಚ್ ಹಾಕಿದರೆ ಕಾಣುವುದು ಎ.ಸಿ. ಕಂಡೆನ್ಸರ್ ಮಾತ್ರ, ರೇಡಿಯೇಟರ್ ಅದರ ಹಿಂದಿದೆ. ಇವೆರಡರ ನಡುವಿನ ಸಂದಿಯಲ್ಲಿ ಧೂಳು, ಹುಳುಗಳ ರೆಕ್ಕೆ, ಎಣ್ಣೆಯ ಪಸೆ ಸೇರಿ ಕಂಬಳಿಯಂತೆ ಕೂತಿರುತ್ತದೆ. ಕಂಡೆನ್ಸರನ್ನು ಬ್ರಾಕೆಟ್ ಬಿಚ್ಚಿ ಸ್ವಲ್ಪ ಮುಂದಕ್ಕೆ ಬಾಗಿಸದ ಹೊರತು ಅದು ಕಾಣದು. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ನನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ, ಅದರಿಂದ ಹಾಳಾದ ರೇಡಿಯೇಟರುಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಒಳಗಿನ ಪರಿಸ್ಥಿತಿ ತಿಳಿಯಲು ಎಂಜಿನ್ ಕಾದಿರುವಾಗ ಥರ್ಮಲ್ ಗನ್ (ಮುಟ್ಟದೆ ಕಾವು ಅಳೆಯುವ ಸಾಧನ) ಹಿಡಿದು ರೇಡಿಯೇಟರಿನ ಉದ್ದಗಲವನ್ನೂ ಅಳೆಯಿರಿ. ಸುತ್ತ ಬಿಸಿಯಿದ್ದು ನಡುವೆ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳು ಕಟ್ಟಿವೆ. ಬೋರ್‌ವೆಲ್ ನೀರು ಹಾಕುತ್ತಾ ಬಂದ ಗಾಡಿಗಳಲ್ಲಿ ಸುಣ್ಣದ ಪದರ ಕಟ್ಟುವುದು ಸಾಮಾನ್ಯ. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಕಡ್ಡಿ ಹಾಕಿ ಶುಚಿ ಮಾಡಬಹುದಿತ್ತು. ಈಗಿನ ಅಲ್ಯುಮಿನಿಯಂ ಕೋರಿಗೆ ಅದು ಆಗದು, ಬದಲಿಸುವುದೇ ಲೇಸು. ಇನ್ನೊಬ್ಬರಿಂದ ಎಂಜಿನ್ ರೇಸ್ ಮಾಡಿಸಿ ಕೆಳಗಿನ ಹೋಸ್ ನೋಡಿ. ಅದು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಹೋಸ್ ಸೋತಿದೆ.

ರೇಡಿಯೇಟರ್ ಕ್ಯಾಪನ್ನೂ ಕಡೆಗಣಿಸಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ಮಾತ್ರ ಆ ಮಿತಿ 115 ಡಿಗ್ರಿಯನ್ನೂ ದಾಟುತ್ತದೆ. ಸ್ಪ್ರಿಂಗ್ ಸೋತ ಕ್ಯಾಪಿನಿಂದ ಕೂಲೆಂಟ್ ಬೇಗನೆ ಕುದಿದು ಹೊರಗೆ ಚೆಲ್ಲುತ್ತದೆ. ಕಾದಿರುವಾಗ ಅದನ್ನು ತೆರೆಯಲೇಬಾರದು.

ಉತ್ತರ 3 (ನೆಲಮಂಗಲದಿಂದ)

ಎಲ್ಲರೂ ಎಂಜಿನ್ ನೋಡಿದರು, ಟ್ರೇಲರನ್ನು ಯಾರೂ ಕೇಳಲಿಲ್ಲ. ಬ್ರೇಕ್ ಇರುವ ಟ್ರೇಲರ್ ಆದರೆ ಹತ್ತು ಕಿಲೋಮೀಟರ್ ಎಳೆದು ನಿಲ್ಲಿಸಿ, ಎರಡೂ ಹಬ್ಬುಗಳ (ಚಕ್ರದ ನಡುಭಾಗ) ಹತ್ತಿರ ಅಂಗೈ ತನ್ನಿ, ಮುಟ್ಟುವುದು ಬೇಡ. ಒಂದು ಕಡೆ ಝಳ ಹೊಡೆದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಅದರ ಭಾರವನ್ನೂ ನಿಮ್ಮ ಎಂಜಿನ್ನೇ ಹೊರುತ್ತಿದೆ. ಟೈರಿನ ಗಾಳಿಯನ್ನೂ ನೋಡಿ. ಏರಿನಲ್ಲಿ ಮೇಲಿನ ಗೇರಿನಲ್ಲಿ ಅದುಮಿಕೊಂಡು ಹೋಗದೆ ಒಂದು ಗೇರ್ ಇಳಿಸಿ; ಎಂಜಿನ್ ಸುತ್ತು ಹೆಚ್ಚಾದರೆ ವಾಟರ್ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಳಿಗ್ಗೆ ಹೋಸ್ ಮೆತ್ತಗಿತ್ತು, ಟ್ರೇಲರ್ ಎಳೆದು ಬಂದ ಕೂಡಲೇ ಮಾಡಿಸಿದ ಪರೀಕ್ಷೆಯಲ್ಲೂ ದ್ರವದ ಬಣ್ಣ ಬದಲಾಗಲಿಲ್ಲ. ರೇಸ್ ಮಾಡಿದರೂ ಕೆಳಗಿನ ಹೋಸ್ ಚಪ್ಪಟೆಯಾಗಲಿಲ್ಲ. ಆದರೆ ಕಾದ ಎಂಜಿನ್ ಆರಿಸಿ ಫ್ಯಾನ್ ತಳ್ಳಿದಾಗ ಅದು ಆಟದ ಗಿರಗಿಟ್ಟಲೆಯಂತೆ ನಾಲ್ಕು ಸುತ್ತು ಹೋಯಿತು. ಕಂಡೆನ್ಸರ್ ಬಾಗಿಸಿದರೆ ಹಿಂದೆ ಬೂದು ಬಣ್ಣದ ಪದರ. ಉಗುರಿನಿಂದ ಎತ್ತಿದಾಗ ಅಂಗೈ ಅಗಲದ ತುಂಡು ಇಡಿಯಾಗಿ ಎದ್ದು ಬಂತು, ಅದರಲ್ಲಿ ಚಿಟ್ಟೆಯ ರೆಕ್ಕೆಯೊಂದು ಬಣ್ಣ ಮಾಸದೆ ಉಳಿದಿತ್ತು. ಟ್ರೇಲರಿನ ಎಡ ಹಬ್ ಬಲಗಡೆಗಿಂತ ಬಹಳ ಬಿಸಿಯಾಗಿತ್ತು, ಬ್ರೇಕ್ ಕೇಬಲ್ ತುಕ್ಕು ಹಿಡಿದು ಮರಳುತ್ತಿರಲಿಲ್ಲ.

ಫ್ಯಾನ್ ಕ್ಲಚ್, ಕ್ಯಾಪ್, ಬ್ರೇಕ್ ಕೇಬಲ್ ಬದಲಿಸಿ, ರೇಡಿಯೇಟರನ್ನು ಹಿಂದಿನಿಂದ ತೊಳೆಸಿದೆ. ನಿನ್ನೆ ಅದೇ ಜನರೇಟರ್ ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲೇ ಶೂಲಗಿರಿಯ ಏರು ಹತ್ತಿದೆ, ಮೂರನೇ ಗೇರಿನಲ್ಲಿ. ಮುಳ್ಳು ನಡುವಿನಿಂದ ಒಂದು ಕೂದಲೆಳೆಯಷ್ಟು ಮೇಲೇರಿ ಅಲ್ಲೇ ನಿಂತಿತು, ಹೊಸೂರು ತಲುಪುವವರೆಗೂ ಮತ್ತೆ ಏರಲಿಲ್ಲ.