ಬಲ ಅಂದ್ರೆ ಯಾರ ಬಲ? ಮೊದಲ ಸಲ ಬಣ್ಣ ಹಚ್ಚುವವರ ಪ್ರಶ್ನೆಗಳು

ಪ್ರಶ್ನೆ (ಬಿ.ಎ. ಮೊದಲ ವರ್ಷ): ನಮಸ್ತೆ ಮೇಡಂ. ಕಾಲೇಜಿನ ನಾಟಕದಲ್ಲಿ ನನಗೆ ಮೊದಲ ಪಾತ್ರ ಸಿಕ್ಕಿದೆ. ನಿನ್ನೆ ನಿರ್ದೇಶಕರು “ಡೌನ್ ರೈಟ್‌ಗೆ ಬಾ” ಅಂದರು. ನಾನು ಅವರು ಕೂತಿದ್ದ ಕಡೆಯಿಂದ ಲೆಕ್ಕ ಹಾಕಿ ಉಲ್ಟಾ ಕಡೆ ಹೋದೆ. ಎಲ್ಲರೂ ನಕ್ಕರು. ಈ ಪದಗಳನ್ನೆಲ್ಲ ಬಾಯಿಪಾಠ ಮಾಡುವುದು ಹೇಗೆ?

ಉತ್ತರ: ಬಾಯಿಪಾಠ ಬೇಡ, ಕಾಲಿಗೆ ಕಲಿಸಿ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತುಕೊಳ್ಳಿ. ನಿಮ್ಮ ಬಲಗೈ ಇರುವ ಕಡೆ ಸ್ಟೇಜ್ ರೈಟ್, ಎಡಗೈ ಕಡೆ ಸ್ಟೇಜ್ ಲೆಫ್ಟ್. ಆಮೇಲೆ ನೀವು ಯಾವ ದಿಕ್ಕಿಗೆ ತಿರುಗಿದರೂ ಅದು ಬದಲಾಗುವುದಿಲ್ಲ. ರಂಗದ ಮೇಲೆ ಬಲ ಅಂದರೆ ನಟನ ಬಲ, ನೋಡುವವರದ್ದಲ್ಲ. ಪ್ರೇಕ್ಷಕರಿಗೆ ಹತ್ತಿರದ ಜಾಗ ಡೌನ್ ಸ್ಟೇಜ್, ಹಿಂದಿನ ಪರದೆಯ ಕಡೆ ಅಪ್ ಸ್ಟೇಜ್. ಯೂರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಹಿಂದೆ ಎತ್ತರ, ಮುಂದೆ ಇಳಿಜಾರು. ಹಿಂದಕ್ಕೆ ನಡೆಯುವ ನಟ ನಿಜವಾಗಿಯೂ ಏರಿ ಹೋಗುತ್ತಿದ್ದ. ಈಗ ನೆಲ ಸಮ ಆಗಿದೆ, ಹೆಸರು ಉಳಿದುಕೊಂಡಿದೆ.

ಒಂದು ಅಭ್ಯಾಸ ಹೇಳುತ್ತೇನೆ. ಕುಂಟೆಬಿಲ್ಲೆಗೆ ಬರೆಯುವ ಹಾಗೆ ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆಯಿರಿ. ಮೂರು ಸಾಲು, ಸಾಲಿಗೆ ಮೂರು, ಒಟ್ಟು 9. ತಂಗಿಯೋ ತಮ್ಮನೋ ಎದುರಿಗೆ ಕೂತು “ಅಪ್ ಲೆಫ್ಟ್”, “ಡೌನ್ ಸೆಂಟರ್” ಅಂತ ಕೂಗಲಿ. ನೀವು ಯೋಚಿಸದೆ ಆ ಮನೆಗೆ ಹೋಗಿ ನಿಲ್ಲಿ. ಎರಡು ದಿನ, ದಿನಕ್ಕೆ ಹತ್ತು ನಿಮಿಷ ಸಾಕು. ನಕ್ಕವರೂ ಒಂದು ದಿನ ಹೀಗೇ ತಪ್ಪು ಮನೆಗೆ ಹೋದವರೇ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ (ಇನ್ನೊಬ್ಬ ವಿದ್ಯಾರ್ಥಿನಿ): ಮೇಡಂ, ನನ್ನ ಮಾತು ಹಿಂದಿನ ಸಾಲಿಗೆ ಕೇಳಿಸಲ್ಲ ಅಂತಾರೆ. ಜೋರಾಗಿ ಹೇಳಿದರೆ ಗಂಟಲು ಕಟ್ಟುತ್ತದೆ. ಏನು ಮಾಡಲಿ?

ಉತ್ತರ: ಕಿರುಚುವುದನ್ನು ಇವತ್ತೇ ಬಿಟ್ಟುಬಿಡಿ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತರೆ ಗಂಟಲು ಹಿಂಡಿ ಮಾತಾಡಬೇಕಾಗುತ್ತದೆ. ಬೆನ್ನು ಕೆಳಗಿಟ್ಟು ಮಲಗಿ, ಹೊಟ್ಟೆ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಿ. ಉಸಿರೆಳೆದಾಗ ಪುಸ್ತಕ ಮೇಲೇಳಬೇಕು. ಉಸಿರು ಬಿಡುತ್ತಾ ನಿಧಾನವಾಗಿ “ಆ” ಅನ್ನಿ, ಪುಸ್ತಕ ಸಮವಾಗಿ ಇಳಿಯಲಿ. ಗಂಟಲು ನೋಯುತ್ತಿದ್ದರೆ ಅವತ್ತು ಅಭ್ಯಾಸ ಬೇಡ.

ಆದರೆ ನಿಮ್ಮ ತೊಂದರೆ ಬರೀ ಸದ್ದಿನದ್ದು ಇರಲಾರದು ಅನ್ನಿಸುತ್ತದೆ. ಹೊಸಬರಲ್ಲಿ ಹೆಚ್ಚಿನವರು ವಾಕ್ಯದ ಕೊನೆಯನ್ನು ನುಂಗುತ್ತಾರೆ. ಕನ್ನಡದಲ್ಲಿ ಇದು ದೊಡ್ಡ ನಷ್ಟ. ನಮ್ಮ ಕ್ರಿಯಾಪದ ಕೂತಿರುವುದೇ ಕೊನೆಯಲ್ಲಿ! “ನಾನು ಅವನನ್ನು ಕೊಂದಿಲ್ಲ” ಅನ್ನುವ ಮಾತು ತೆಗೆದುಕೊಳ್ಳಿ. ಶುರುವಿನ “ನಾನು” ಗಟ್ಟಿಯಾಗಿ ಬರುತ್ತದೆ. ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ, ಆ “ಇಲ್ಲ” ಗಾಳಿಗೆ ಹೋಗುತ್ತದೆ. ಹಿಂದಿನ ಸಾಲಿನವರಿಗೆ ನೀವು ಕೊಲೆ ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ, ಅಲ್ವಾ? ಇಡೀ ದೃಶ್ಯ ಅಲ್ಲೇ ತಲೆಕೆಳಗಾಯಿತು. ನಾನು ತರಗತಿಯಲ್ಲಿ ಇದೊಂದೇ ಸಾಲನ್ನು ಅರ್ಧ ಗಂಟೆ ಮಾಡಿಸುತ್ತೇನೆ. ಪ್ರತಿ ಸಾಲಿನ ಕೊನೆಯ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಆ ಪದವನ್ನು ಕೊನೆಯ ಕುರ್ಚಿಯಲ್ಲಿ ಕೂತವರ ಕೈಗೆ ಕೊಡುತ್ತಿದ್ದೀನಿ ಅಂದುಕೊಂಡು ಹೇಳಿ. ಸದ್ದು ಜಾಸ್ತಿ ಆಗಬೇಕಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಥ್ಯಾಂಕ್ಸ್ ಮೇಡಂ. ಇನ್ನೊಂದು ಕೇಳಲೇಬೇಕು. ಮಾತಿಲ್ಲದಾಗ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗಲ್ಲ. ಸುಮ್ನೆ ನಿಂತರೆ ಮರದ ಬೊಂಬೆ ಥರ ಕಾಣಿಸ್ತೀನಿ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿಯಾಯಿತು. ನಟನೆಯ ಮೊದಲ ಪಾಠ ಇಲ್ಲೇ ಇದೆ. ಕೈಯ ಯೋಚನೆ ಯಾವಾಗ ಬರುತ್ತದೆ ಗೊತ್ತಾ? ಎದುರಿನವರ ಮಾತು ಕೇಳಿಸಿಕೊಳ್ಳುವುದನ್ನು ಬಿಟ್ಟು ನನ್ನ ಮಾತು ಯಾವಾಗ ಬರುತ್ತದೆ ಅಂತ ಕಾಯುವಾಗ. ಗೆಳತಿಯನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟ ನಿಮ್ಮ ಕೈಯಲ್ಲಿರಲಿ. ಅವಳು ಇವತ್ತು ಬೆಳಿಗ್ಗೆಯಿಂದ ಏನೇನಾಯಿತು ಅಂತ ಹೇಳಲಿ. ನೀರು ಚೆಲ್ಲದೆ ಅವಳ ಮಾತು ಪೂರ್ತಿ ಕೇಳಬೇಕು, ಆಮೇಲೆ ತಿರುಗಿಸಿ ಹೇಳಬೇಕು. ಅಷ್ಟು ಹೊತ್ತು ನಿಮಗೆ ಕೈಯ ಚಿಂತೆ ಬರುವುದಿಲ್ಲ. ಮುಖದಲ್ಲಿ ತಾನಾಗಿಯೇ ಏನೋ ನಡೆಯುತ್ತಿರುತ್ತದೆ. ನೋಡುವವರಿಗೆ ಬೇಕಾದದ್ದು ಅದು. ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಅಂತ ನಾಲ್ಕಾಗಿ ಹೇಳುತ್ತದೆ. ದೇಹ, ಮಾತು, ವೇಷಭೂಷಣ ಮೂರನ್ನೂ ಹೊರಗಿನಿಂದ ತಿದ್ದಬಹುದು. ನಾಲ್ಕನೆಯದು ಒಳಗಿನಿಂದಲೇ ಬರಬೇಕು. ನನ್ನ ಅನುಭವದಲ್ಲಿ ಅದಕ್ಕೆ ಬಾಗಿಲು ಕಿವಿ.

ಪ್ರಶ್ನೆ (ಉಡುಪಿ ಕಡೆಯ ವಿದ್ಯಾರ್ಥಿ): ನಾನು ಚಿಕ್ಕಂದಿನಿಂದ ಯಕ್ಷಗಾನ ಮಾಡಿದವನು. ಈಗ ಆಧುನಿಕ ನಾಟಕಕ್ಕೆ ಸೇರಿದ್ದೇನೆ. ಕಲಿತದ್ದನ್ನು ಮರೆಯಬೇಕಾ ಮೇಡಂ?

ಉತ್ತರ: ಖಂಡಿತ ಬೇಡ! ಅರ್ಥಗಾರಿಕೆಯಲ್ಲಿ, ಅಂದರೆ ಯಕ್ಷಗಾನದ ಮಾತುಗಾರಿಕೆಯಲ್ಲಿ, ಮಾತು ಬರೆದಿಟ್ಟದ್ದಲ್ಲ. ಭಾಗವತರ ಹಾಡು ಮುಗಿದ ಮೇಲೆ ಎದುರಿನ ವೇಷಧಾರಿ ಏನು ಹೇಳಿದರೋ ಅದನ್ನು ಹಿಡಿದೇ ನೀವು ಉತ್ತರ ಕಟ್ಟಬೇಕು. ಕೇಳಿಸಿಕೊಳ್ಳದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಮೇಲೆ ನಾನು ಹೇಳಿದ ಪಾಠ ನಿಮಗೆ ಆಗಲೇ ಬಂದಿದೆ. ಅಳತೆ ಮಾತ್ರ ಬದಲಾಗುತ್ತದೆ. ಬಯಲಿನಲ್ಲಿ ಕಿರೀಟ ಹೊತ್ತು ದೂರದವರಿಗೂ ಕಾಣಿಸುವ ಹಾಗೆ ಆಡಿದವರು ನೀವು. ಇಲ್ಲಿ ಮೊದಲ ಸಾಲು ಹತ್ತಿರ ಇರುತ್ತದೆ, ಕಣ್ಣಿನ ಚಲನೆಯೂ ಗೊತ್ತಾಗುತ್ತದೆ. ಮೂರು ಕಡೆ ಜನ ಕೂರುವುದೂ ನಿಮಗೆ ಹೊಸದಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ರಂಗಶಂಕರ ರಂಗಮಂದಿರದ ವೇದಿಕೆ ಹಾಗೇ ಮೂರು ಕಡೆಗೆ ತೆರೆದದ್ದು. ಎದುರಿನಿಂದ ಮಾತ್ರ ನೋಡುವ ಚೌಕಟ್ಟಿನ ವೇದಿಕೆಗೆ ಒಗ್ಗಿದವರು ಅಲ್ಲಿ ತಡಬಡಾಯಿಸುತ್ತಾರೆ, ಬಯಲಾಟದವರು ಬೇಗ ಹೊಂದಿಕೊಳ್ಳುತ್ತಾರೆ.

ಪ್ರಶ್ನೆ (ಬಿ.ಎ. ಮೊದಲ ವರ್ಷ): ಮೇಡಂ, ಮತ್ತೆ ನಾನೇ. ಅಂಗಳದಲ್ಲಿ 9 ಮನೆ ಬರೆದು ಆಡಿದೆ, ಈಗ ತಪ್ಪುತ್ತಿಲ್ಲ. ನಾಳೆ ಬ್ಲಾಕಿಂಗ್ ಅಂತೆ. “ಕ್ಯೂ ಬಿಡಬೇಡ, ಕವರ್ ಮಾಡಬೇಡ” ಅಂತಲೂ ಹೇಳಿದ್ದಾರೆ. ಇವೆಲ್ಲ ಏನು? ನಾಳೆ ಏನು ತರಬೇಕು?

ಉತ್ತರ: ಭೇಷ್! ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ಕೂರಬೇಕು ಅಂತ ಗೊತ್ತು ಮಾಡುವುದು ಬ್ಲಾಕಿಂಗ್. ನೀವು ಇನ್ನೊಬ್ಬ ನಟನ ಮುಂದೆ ನಿಂತು ಅವರನ್ನು ಪ್ರೇಕ್ಷಕರಿಂದ ಮರೆ ಮಾಡಿದರೆ ಅದು ಕವರ್ ಮಾಡುವುದು. ಮುಂದೆ ಕೂತವರ ಮುಖ ನಿಮಗೆ ಕಾಣುತ್ತಿದ್ದರೆ ಅವರಿಗೂ ನೀವು ಕಾಣುತ್ತೀರಿ, ಅದೇ ಸುಲಭದ ಪರೀಕ್ಷೆ. ಕ್ಯೂ ಅಂದರೆ ನಿಮ್ಮ ಮಾತಿಗೆ ಸಿಗುವ ಸೂಚನೆ. ಸಾಮಾನ್ಯವಾಗಿ ಅದು ಎದುರಿನವರ ಕೊನೆಯ ಪದ, ಕೆಲವು ಸಲ ಬೆಳಕು ಅಥವಾ ಬಾಗಿಲ ಸದ್ದು. ಸ್ಕ್ರಿಪ್ಟ್‌ನಲ್ಲಿ ಬರೀ ನಿಮ್ಮ ಸಾಲುಗಳಿಗೆ ಬಣ್ಣ ಬಳಿದು ಕಲಿಯಬೇಡಿ. ಅದರ ಹಿಂದಿನ ಸಾಲನ್ನೂ ಕಲಿಯಿರಿ. ಆಗ ಯಾರಾದರೂ ಮಾತು ಮರೆತರೂ ನೀವು ದೃಶ್ಯವನ್ನು ಮುಂದಕ್ಕೆ ಒಯ್ಯಬಹುದು. ಸೈಡ್ ವಿಂಗ್‌ನಲ್ಲಿ ಮರೆತ ಮಾತನ್ನು ಹೇಳಿಕೊಡುವ ಪ್ರಾಂಪ್ಟರ್ ಇದ್ದಾರೆ ಅನ್ನುವ ಧೈರ್ಯದ ಮೇಲೆ ರಂಗಕ್ಕೆ ಬರಬೇಡಿ.

ನಾಳೆ ನೀರಿನ ಬಾಟಲಿ ತನ್ನಿ, ಸಡಿಲವಾದ ಬಟ್ಟೆ ಹಾಕಿಕೊಳ್ಳಿ. ಹತ್ತು ನಿಮಿಷ ಮೊದಲೇ ಬಂದು ಬೆನ್ನು, ಕುತ್ತಿಗೆ ಸಡಿಲ ಮಾಡಿಕೊಳ್ಳಿ. ಬ್ಲಾಕಿಂಗ್ ಬರೆದುಕೊಳ್ಳಲು ಪೆನ್ನು ಬೇಡ, ಪೆನ್ಸಿಲ್ ಮತ್ತು ರಬ್ಬರ್ ಇರಲಿ. ಮುಂದಿನ ವಾರದ ತಾಲೀಮಿನಲ್ಲಿ ಅರ್ಧಕ್ಕರ್ಧ ಬದಲಾಗಿರುತ್ತದೆ.