ಮಸಾಯಿ ಮಾರಾದ ಟೆಂಟ್ ವಾಸ: ಸಫಾರಿ ಮಾರ್ಗದರ್ಶಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಧಾರವಾಡದಿಂದ): ಆಗಸ್ಟ್‌ನಲ್ಲಿ ಅರವತ್ತು ದಾಟಿದ ಅಮ್ಮ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಕೀನ್ಯಾದ ಮಸಾಯಿ ಮಾರಾ ವನ್ಯಜೀವಿ ಮೀಸಲು ಪ್ರದೇಶಕ್ಕೆ ಹೊರಟಿದ್ದೇವೆ. ನಾವು ಕಾದಿರಿಸಿದ ಕ್ಯಾಂಪಿಗೆ ಬೇಲಿಯೇ ಇಲ್ಲವಂತೆ! ಬಟ್ಟೆಯ ಗೋಡೆ, ಆಚೆಗೆ ಸಿಂಹ. ನಿದ್ದೆ ಬರುವುದಾದರೂ ಹೇಗೆ?

ಉತ್ತರ: ಅಲ್ಲಿನ ಬಹಳಷ್ಟು ಕ್ಯಾಂಪುಗಳಿಗೆ ಬೇಲಿ ಇರುವುದಿಲ್ಲ. ಜಿಪ್ ಎಳೆದು ಮುಚ್ಚಿದ ಟೆಂಟ್ ಪ್ರಾಣಿಯ ಕಣ್ಣಿಗೆ ಒಂದು ಬಂಡೆ ಇದ್ದಂತೆ, ಸುತ್ತಿಕೊಂಡು ಹೋಗುತ್ತದೆ. ಅಪಾಯವಿರುವುದು ಬಟ್ಟೆಯ ಗೋಡೆಯಲ್ಲಲ್ಲ, ಕತ್ತಲಲ್ಲಿ ಒಬ್ಬರೇ ಹೊರಗೆ ಕಾಲಿಡುವುದರಲ್ಲಿ.

ಅದಕ್ಕೇ ಸಂಜೆಯಾದ ಮೇಲೆ ಊಟಕ್ಕೆ ಹೋಗುವಾಗ, ಬರುವಾಗ ಆಸ್ಕರಿ, ಅಂದರೆ ಕಾವಲುಗಾರ, ಜೊತೆಗಿರುತ್ತಾನೆ. ಹೆಚ್ಚಾಗಿ ಆ ಊರಿನ ಮಸಾಯಿ ಬುಡಕಟ್ಟಿನವನೇ. ಅವನು ಮೊದಲು ಟಾರ್ಚಿನ ಬೆಳಕನ್ನು ಪೊದೆಗಳ ಮೇಲೆ ನಿಧಾನವಾಗಿ ಹರಿಸಿ, ಹೊಳೆಯುವ ಕಣ್ಣುಗಳಿವೆಯೇ ಎಂದು ನೋಡಿ, ಆಮೇಲೆ ಹೆಜ್ಜೆ ಇಡುತ್ತಾನೆ. ನಿಲ್ಲಿ ಎಂದರೆ ನಿಲ್ಲಿ, ಕಾರಣ ಆಮೇಲೆ ಕೇಳಿ.

ಎಲ್ಲರೂ ಸಿಂಹಕ್ಕೆ ಹೆದರುತ್ತಾರೆ. ನನಗೆ ಹೆದರಿಕೆ ನೀರಾನೆ ಮತ್ತು ಒಂಟಿ ಗಂಡು ಕಾಡೆಮ್ಮೆಯದು. ಮಾರಾ, ತಾಲೆಕ್ ನದಿಗಳಲ್ಲಿ ಹಗಲೆಲ್ಲ ಮುಳುಗಿರುವ ನೀರಾನೆ ರಾತ್ರಿ ಮೇಯಲು ದಡ ಹತ್ತುತ್ತದೆ. ಅದು ಹುಲ್ಲು ಹರಿಯುವ ಪರಪರ ಸದ್ದು ದಿಂಬಿನ ಪಕ್ಕದಲ್ಲೇ ಕೇಳಿಸಿದರೂ ಸುಮ್ಮನೆ ಮಲಗಿರಿ. ಅದಕ್ಕೂ ನೀರಿಗೂ ನಡುವೆ ಮನುಷ್ಯ ಸಿಕ್ಕಿಬಿದ್ದಾಗಲೇ ಅನಾಹುತ. ಶೌಚಾಲಯ ಟೆಂಟಿನ ಹಿಂಬದಿಗೇ ಅಂಟಿಕೊಂಡಿರುವುದರಿಂದ ಅಮ್ಮ ರಾತ್ರಿ ಹೊರಬರಬೇಕಿಲ್ಲ. ಮಗಳನ್ನು ನಿಮ್ಮ ಟೆಂಟಿನಲ್ಲೇ ಮಲಗಿಸಿಕೊಳ್ಳಿ. ಕೆಲವು ಕ್ಯಾಂಪುಗಳು ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ, ವಯಸ್ಸಿನ ಮಿತಿಯನ್ನು ಈಗಲೇ ವಿಚಾರಿಸಿ.

ಪ್ರಶ್ನೆ (ಅದೇ ಧಾರವಾಡದವರು): ‘ಬಕೆಟ್ ಶವರ್’ ಎಂದು ಬರೆದಿದ್ದಾರೆ. ಅಷ್ಟು ದುಡ್ಡು ಕೊಟ್ಟೂ ಬಕೆಟ್ಟೇ?

ಉತ್ತರ: ಬಕೆಟ್ಟೇ, ಆದರೆ ತಲೆಯ ಮೇಲೆ. ನೀವು ಹೇಳಿದ ಹೊತ್ತಿಗೆ ಸಿಬ್ಬಂದಿ ಬಿಸಿನೀರು ತಂದು, ಕ್ಯಾನ್ವಾಸ್ ಚೀಲಕ್ಕೆ ತುಂಬಿ, ರಾಟೆಯಿಂದ ಮೇಲೇರಿಸುತ್ತಾರೆ. ಮೈ ನೆನೆಸಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡಿ. ಹರಟೆ ಹೊಡೆಯುತ್ತಾ ನಿಂತರೆ ಸೋಪಿನ ನೊರೆಯಲ್ಲೇ ಉಳಿಯುತ್ತೀರಿ. ಇನ್ನೊಂದು: ರಾತ್ರಿ ಹಾಸಿಗೆಯೊಳಗೆ ಕಾಲಿಗೆ ಏನೋ ಬೆಚ್ಚಗೆ, ಮೆತ್ತಗೆ ತಗುಲಿದರೆ ಕಿರುಚಬೇಡಿ. ಅದು ಬಿಸಿನೀರಿನ ಚೀಲ. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಎತ್ತರದಲ್ಲಿದೆ. ಆಗಸ್ಟ್ ಮುಂಜಾವಿನ ತೆರೆದ ಜೀಪಿಗೆ ಸ್ವೆಟರ್, ಟೋಪಿ ಬೇಕೇ ಬೇಕು.

ಪ್ರಶ್ನೆ (ಉಡುಪಿಯಿಂದ): ನಾವು ಶುದ್ಧ ಸಸ್ಯಾಹಾರಿಗಳು. ತಿಂಡಿ ಕಟ್ಟಿಕೊಂಡು ಹೋಗಬೇಕೇ?

ಉತ್ತರ: ಉಪವಾಸವಂತೂ ಬೀಳುವುದಿಲ್ಲ. ತಲೆಮಾರುಗಳಿಂದ ಗುಜರಾತಿಗಳು, ಪಂಜಾಬಿಗಳು ನೆಲೆಸಿರುವ ದೇಶವದು. ಚಪಾತಿ ಕೀನ್ಯಾದವರ ದಿನನಿತ್ಯದ ಊಟದಲ್ಲೇ ಸೇರಿಹೋಗಿದೆ. ಕಾದಿರಿಸುವಾಗಲೇ ತಿಳಿಸಿಬಿಡಿ. ಚಟ್ನಿಪುಡಿ ಒಯ್ದರೆ ಡಬ್ಬಿಯನ್ನು ಅಡುಗೆಮನೆಗೆ ಒಪ್ಪಿಸಿ, ಟೆಂಟಿನಲ್ಲಿ ಇಡಬೇಡಿ. ಬಬೂನ್‌ಗಳಿಗೂ ವರ್ವೆಟ್ ಮಂಗಗಳಿಗೂ ಜಿಪ್ ತೆಗೆಯಲು ಬರುತ್ತದೆ. ಪ್ಲಾಸ್ಟಿಕ್ ಕೈಚೀಲ ಮಾತ್ರ ಬೇಡ, ಕೀನ್ಯಾ 2017ರಿಂದ ಅದನ್ನು ನಿಷೇಧಿಸಿದೆ.

ಪ್ರಶ್ನೆ (ಬೆಂಗಳೂರಿನಿಂದ): ಲಗೇಜು, ಲಸಿಕೆ?

ಉತ್ತರ: ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸನ್ನು ಮರೆತುಬಿಡಿ. ಗಾಢ ನೀಲಿ, ಕಪ್ಪು ಬಟ್ಟೆ ಬೇಡ. ಆ ಬಣ್ಣಗಳು ಕಚ್ಚುವ ತ್ಸೆತ್ಸೆ ನೊಣವನ್ನು ಸೆಳೆಯುತ್ತವೆ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಉದಾಸೀನ ಬೇಡ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಮೇಲೆ ಪ್ರಶ್ನೆ ಕೇಳಿದ ಧಾರವಾಡದವರಿಗೂ ಒಂದು ಮಾತು: ಅರವತ್ತು ದಾಟಿದವರಲ್ಲಿ ಈ ಲಸಿಕೆಯ ಗಂಭೀರ ಅಡ್ಡಪರಿಣಾಮದ ಸಂಭವ ಹೆಚ್ಚು. ಟಿಕೆಟ್‌ಗೂ ಮೊದಲು ಅಮ್ಮನನ್ನು ವೈದ್ಯರಿಗೆ ತೋರಿಸಿ. ಮಲೇರಿಯಾ ಮಾತ್ರೆಯನ್ನೂ ಅವರೇ ಬರೆದುಕೊಡಲಿ.

ಪ್ರಶ್ನೆ (ಮೈಸೂರಿನಿಂದ): ಮೀಸಲು ಪ್ರದೇಶದ ಒಳಗಿನ ಕ್ಯಾಂಪೋ, ಪಕ್ಕದ ಕನ್ಸರ್ವೆನ್ಸಿಯೋ?

ಉತ್ತರ: ನನ್ನ ಮತ ಕನ್ಸರ್ವೆನ್ಸಿಗೆ. ನಬೋಯಿಶೊ, ಓಲಾರೆ ಮೊಟೊರೊಗಿಯಂಥವು ಮಸಾಯಿ ಭೂಮಾಲೀಕರಿಂದ ವನ್ಯಜೀವಿಗಳಿಗಾಗಿ ಗುತ್ತಿಗೆಗೆ ಪಡೆದ ನೆಲ. ನಿಮ್ಮ ಹಣದ ಒಂದು ಪಾಲು ಬಾಡಿಗೆಯಾಗಿ ಅವರಿಗೆ ಸೇರುತ್ತದೆ. ಒಂದು ಚಿರತೆಯ ಸುತ್ತ ಇಪ್ಪತ್ತು ಜೀಪುಗಳ ಜಾತ್ರೆ ಇರುವುದಿಲ್ಲ. ಮೀಸಲು ಪ್ರದೇಶದಲ್ಲಿ ಸಿಗದ ರಾತ್ರಿ ಸಫಾರಿಯೂ ಉಂಟು. ಆದರೆ ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಮಾರಾ ನದಿ ದಾಟುವುದನ್ನು ನೋಡಲೇಬೇಕೆಂದಿದ್ದರೆ ಒಂದು ಹಗಲು ಮೀಸಲು ಪ್ರದೇಶಕ್ಕೆ ಹೋಗಿ ಬನ್ನಿ. ಹಿಂಡು ಗಂಟೆಗಟ್ಟಲೆ ದಡದಲ್ಲಿ ನಿಂತು, ದಾಟದೆ ವಾಪಸಾಗುವುದೂ ಇದೆ.

ಹಣ ಕಟ್ಟುವ ಮುನ್ನ ಗೈಡ್ ಯಾರೆಂದು ಕೇಳಿ. ಕೀನ್ಯಾದ ವೃತ್ತಿಪರ ಸಫಾರಿ ಗೈಡುಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುತ್ತದೆ. ಟೆಂಟಿನ ಪಿಂಗಾಣಿ ಸ್ನಾನದ ತೊಟ್ಟಿಗೆ ಸುರಿಯುವ ದುಡ್ಡನ್ನು ಬೆಳ್ಳಿ ದರ್ಜೆಯ ಗೈಡ್‌ಗೆ ಕೊಡಿ.